ಪುಸ್ತಕದಂಚಿನ ಪೆನ್ಸಿಲ್ ಜಗಳ

ಲಕ್ಷ್ಮೀ ನಗರ, ದೆಹಲಿ
ಡಿಸೆಂಬರ್ ೧೪, ಶನಿವಾರ

ಪ್ರೀತಿಯ ಅಜ್ಜಿಗೆ,

ನಿಮ್ಮ ನಿರೀಕ್ಷಾ ಮಾಡುವ ನಮಸ್ಕಾರ. ಮೊದಲಿಗೆ ಸಾರಿ ಅಜ್ಜಿ, ಫೋನ್ ಇರುವಾಗ ಹೀಗೆ ಕಾಗದ ಬರೆದು ನಿಮ್ಮನ್ನು ಹೆದರಿಸಿದ್ದಕ್ಕೆ. ಪೋಸ್ಟ್‌ಮ್ಯಾನ್ ಕವರ್ ಕೊಟ್ಟ ಕೂಡಲೇ ನಿಮ್ಮ ಎದೆ ಧಸಕ್ ಅಂದಿರುತ್ತದೆ, ನನಗೆ ಗೊತ್ತು. ಯಾರಿಗೂ ಏನೂ ಆಗಿಲ್ಲ. ಎಲ್ಲರೂ ಚೆನ್ನಾಗಿದ್ದೇವೆ. ಈ ಮಾತನ್ನೇ ಮೊದಲನೇ ಸಾಲಿನಲ್ಲಿ ಬರೆಯಬೇಕಿತ್ತು, ಆದರೆ ಹಾಗೆ ಶುರು ಮಾಡಿದರೆ ಇನ್ನೂ ಹೆದರುತ್ತೀರೇನೋ ಅನ್ನಿಸಿತು. ಹೀಗೆ ಯೋಚನೆ ಮಾಡಿ ಮಾಡಿಯೇ ಒಂದಿಷ್ಟು ಹಾಳೆ ಹರಿದು ಹಾಕಿದ್ದೇನೆ. ಫೋನಿನಲ್ಲಿ ಯಾಕೆ ಹೇಳಲಿಲ್ಲ ಅಂದರೆ, ನಿಮ್ಮ ಫೋನು ಯಾವಾಗಲೂ ಸ್ಪೀಕರಿನಲ್ಲೇ ಇರುತ್ತದೆ, ನಿತೇಶ್ ಚಿಕ್ಕಪ್ಪ ಅಲ್ಲೇ ಪಕ್ಕದಲ್ಲಿ ಟೀವಿ ನೋಡುತ್ತಾ ಕೂತಿರುತ್ತಾರೆ. ಈ ವಿಷಯ ಚಿಕ್ಕಪ್ಪನ ಎದುರು ಹೇಳುವ ಧೈರ್ಯ ನನಗಿಲ್ಲ. ಅವರ ಮೇಲೆ ಸಿಟ್ಟು ಅಂತ ಅಲ್ಲ, ಪ್ಲೀಸ್ ಹಾಗೆ ತಿಳಿಯಬೇಡಿ.

ಎಡಗಣ್ಣಿನ ಆಪರೇಷನ್ ಆದ ಮೇಲೆ ಹೇಗಿದ್ದೀರಿ? ಡ್ರಾಪ್ಸ್ ಬಿಡದೆ ಹಾಕಿಕೊಳ್ಳುತ್ತಿದ್ದೀರಾ? ವಾರಪತ್ರಿಕೆಯ ಧಾರಾವಾಹಿಯನ್ನು ಬಲಗಣ್ಣೊಂದರಲ್ಲೇ ಓದುತ್ತಿದ್ದೀರಿ ಅಂತ ಚಿಕ್ಕಮ್ಮ ಕಂಪ್ಲೇಂಟ್ ಮಾಡಿದರು. ಅದಕ್ಕೇ ಈ ಕಾಗದ ಇಷ್ಟು ದಪ್ಪ ಅಕ್ಷರದಲ್ಲಿ ಬರೆಯುತ್ತಿದ್ದೇನೆ. ಮಂಡಿನೋವು, ಶುಗರ್? ಇಲ್ಲಿ ಚಳಿ ಜೋರಾಗಿದೆ. ಅಮ್ಮ ಮನೆಯೊಳಗೂ ಎರಡು ಜೊತೆ ಕಾಲುಚೀಲ ಹಾಕಿಕೊಂಡು ನಡೆಯುತ್ತಾರೆ. ಬೆಳಿಗ್ಗೆ ಮಂಜು ಎಷ್ಟಿರುತ್ತದೆಂದರೆ ನಮ್ಮ ಬಾಲ್ಕನಿಯಿಂದ ಎದುರಿನ ಕೋಚಿಂಗ್ ಸೆಂಟರಿನ ದೊಡ್ಡ ಬೋರ್ಡೂ ಕಾಣುವುದಿಲ್ಲ. ಪಪ್ಪ ಅದೇ ಮಂಜಿನಲ್ಲಿ ಹೋಗಿ ಹೋಟೆಲಿನ ಶಟರ್ ಎತ್ತುತ್ತಾರೆ. ಕೋಚಿಂಗ್ ಹುಡುಗರಿಗೆ ಬೆಳಿಗ್ಗೆ ಬೆಳಿಗ್ಗೆ ಇಡ್ಲಿ ಬೇಕು. ಎಕ್ಸ್‌ಟ್ರಾ ಸಾಂಬಾರ್ ಅಂತೂ ಬೇಕೇ ಬೇಕು.

ಈಗ ವಿಷಯಕ್ಕೆ ಬರುತ್ತೇನೆ, ಇಲ್ಲದಿದ್ದರೆ ಮತ್ತೆ ಸಾಂಬಾರಿನ ಕಥೆಯೇ ಆಗುತ್ತದೆ. (ಒಂದು ರೀತಿಯಲ್ಲಿ ಇದೂ ಸಾರಿನ ಕಥೆಯೇ.) ಟೆಂತ್ ಪರೀಕ್ಷೆ ಮುಗಿದ ಕೂಡಲೇ ತಮ್ಮ ಸುಕೇಶನನ್ನು ಊರಿಗೆ ಕಳಿಸಿ, ನಾನು ಓದಿದ ಹಾಸ್ಟೆಲಿನಲ್ಲೇ ಪಿಯುಸಿಗೆ ಸೇರಿಸುವುದು ಅಂತ ಪಪ್ಪ ನಿರ್ಧಾರ ಮಾಡಿದ ಹಾಗಿದೆ. ಸೀಟು ಹೊಸ ವರ್ಷಕ್ಕೆ ಮೊದಲೇ ಹಿಡಿಯಬೇಕಂತೆ. ಚಿಕ್ಕಪ್ಪ ಆಗಲೇ ಪ್ರಿನ್ಸಿಪಾಲರ ಹತ್ತಿರ ಮಾತಾಡಿದ್ದಾರೆ. ಇದೆಲ್ಲ ನಿಮಗೂ ಗೊತ್ತಿರುತ್ತದೆ. ಆದರೆ ಪಪ್ಪ ಕೊನೆಯ ಮಾತು ಕೊಡುವ ಮೊದಲು ನಿಮ್ಮನ್ನು ಕೇಳಿಯೇ ಕೇಳುತ್ತಾರೆ. ಹೋಟೆಲಿಗೆ ಹೊಸ ಗ್ರೈಂಡರ್ ತರುವುದಕ್ಕೂ ಅವರು ಊರಿಗೆ ಫೋನ್ ಮಾಡಿದವರು. ಹಾಗಾಗಿ ಅವರು ಕೇಳುವ ಮೊದಲು ಇಲ್ಲಿ ಏನಾಯಿತು ಅಂತ ನಿಮಗೆ ಪೂರ್ತಿ ತಿಳಿದಿರಲಿ ಅಂತ ಬರೆಯುತ್ತಿದ್ದೇನೆ. ಸುಕೇಶ ಜಗಳಗಂಟ, ಕೈಮೀರಿ ಹೋಗಿದ್ದಾನೆ ಅಂತ ಚಿಕ್ಕಪ್ಪ ಹೇಳಿರಬಹುದು. ಅದು ಅರ್ಧ ಕಥೆ ಅಜ್ಜಿ.

ನವೆಂಬರಿನಲ್ಲಿ ಇಲ್ಲಿನ ಕನ್ನಡ ಸಂಘದ ರಾಜ್ಯೋತ್ಸವ ಇತ್ತು. ಪ್ರತಿ ವರ್ಷ ಸಂಘದ ಊಟ ನಮ್ಮ ಹೋಟೆಲಿನದು, ಬಡಿಸುವುದೂ ನಮ್ಮವರೇ. ಪಪ್ಪ, ಅಡುಗೆಯ ಕಿಶನ್ ಭಯ್ಯಾ, ಹೋಟೆಲಿನ ಹುಡುಗರು, ಜೊತೆಗೆ ಸುಕೇಶ, ಈ ವರ್ಷದಿಂದ ನಾನೂ. ಆಫೀಸರ್ ಮನೆಯವರ ಮಕ್ಕಳು ಬೆಳಿಗ್ಗೆ ಸ್ಟೇಜಿನ ಮೇಲೆ ಹಾಡಿ, ಡ್ಯಾನ್ಸ್ ಮಾಡಿ ಬಂದು ಮೊದಲ ಪಂಕ್ತಿಗೆ ಕೂರುತ್ತಾರೆ. ನಾವು ಬಕೆಟ್ ಹಿಡಿಯುತ್ತೇವೆ. ಹೀಗೇ ಮಾಡಬೇಕು ಅಂತ ಯಾರೂ ರೂಲ್ಸ್ ಬರೆದಿಲ್ಲ, ಮೊದಲಿಂದ ನಡೆದುಕೊಂಡು ಬಂದಿದೆ ಅಷ್ಟೇ. ಸಂಘದ ಅಧ್ಯಕ್ಷರು ವೆಂಕಟಸುಬ್ಬಯ್ಯನವರು, ಯಾವುದೋ ಮಿನಿಸ್ಟ್ರಿಯಲ್ಲಿ ದೊಡ್ಡ ಕೆಲಸದಲ್ಲಿದ್ದು ರಿಟೈರ್ ಆದವರು, ರೋಹಿಣಿಯಲ್ಲಿ ಮನೆ. ಅವರ ಮೊಮ್ಮಗ ಜೀವನ್‌ಗೆ ನಮ್ಮ ಸುಕೇಶನ ಪ್ರಾಯವೇ. ಬೇಸಿಗೆಯಲ್ಲಿ ಸಂಘದ ಕ್ರಿಕೆಟ್ ಟೀಮಿಗೆ ಇಬ್ಬರೂ ಸೇರಿ ಓಪನಿಂಗ್ ಆಡಿದ್ದರು. ಆ ದಿನ ಜೀವನ್ ಟೇಬಲ್ ಕೆಳಗೆ ಫೋನ್ ನೋಡುತ್ತಾ ಕೂತಿದ್ದ. ಸುಕೇಶ ಹೋಟೆಲಿನ ಟೊಪ್ಪಿ, ಏಪ್ರನ್ ಹಾಕಿಕೊಂಡು ಸಾರಿನ ಬಕೆಟ್ ಹಿಡಿದು ಬರುವಾಗ, ತಲೆ ಎತ್ತದೆ ಚಿಟಿಕೆ ಹೊಡೆದು ‘ಭಯ್ಯಾ, ಸಾರು’ ಅಂದ. ಒಟ್ಟಿಗೆ ಬ್ಯಾಟ್ ಹಿಡಿದವನ ಮುಖ ನೋಡಲೇ ಇಲ್ಲ ಅಜ್ಜಿ, ಸೌಟು ಮಾತ್ರ ನೋಡಿದ.

ಸುಕೇಶ ಬಡಿಸಿದ. ಉಣ್ಣುವವರು ಕೈ ಅಡ್ಡ ಹಿಡಿದು ಸಾಕು ಅನ್ನುವವರೆಗೆ ಸೌಟು ನಿಲ್ಲಿಸಬಾರದು ಅಂತ ನೀವು ಪಪ್ಪನಿಗೆ ಕಲಿಸಿದ್ದು, ಪಪ್ಪ ನಮಗೆಲ್ಲ ಕಲಿಸಿದ್ದು. ಜೀವನ್ ಸಾಕು ಅನ್ನಲಿಲ್ಲ. ಇವನು ನಿಲ್ಲಿಸಲಿಲ್ಲ. ಅನ್ನ ಮುಳುಗಿ, ಪೇಪರ್ ಎಲೆ ತುಂಬಿ, ಟೇಬಲಿನಿಂದ ಇಳಿದು ಸಾರು ಜೀವನ್‌ನ ಹೊಸ ಕುರ್ತಾದ ಮೇಲೆ ಹರಿಯಿತು. ದೇವರ ದಯೆ, ಸಾರು ಆಗಲೇ ಆರಿಹೋಗಿತ್ತು. ಜೀವನ್ ಹಾರಿ ಎದ್ದು ತಳ್ಳಿದ, ಇವನೂ ತಳ್ಳಿದ, ಬೆಂಚು ಬಿತ್ತು, ಜೀವನ್‌ನ ಕನ್ನಡಕ ಒಡೆಯಿತು. ‘ಅವನು ಸಾಕು ಅನ್ನಲೇ ಇಲ್ಲ!’ ಅಂತ ಸುಕೇಶ ಕೂಗುತ್ತಿದ್ದ. ಬೇಕೆಂದೇ ಮಾಡಿದನಾ ಅಂತ ನೀವು ಕೇಳಿದರೆ, ಫಿಫ್ಟಿ ಫಿಫ್ಟಿ. ವೆಂಕಟಸುಬ್ಬಯ್ಯನವರು ಬೈಯಲಿಲ್ಲ. ಪಪ್ಪನ ಕಡೆ ತಿರುಗಿ ತಣ್ಣಗೆ ‘ಅಣ್ಣು, ಹುಡುಗನಿಗೆ ಸ್ವಲ್ಪ ಮರ್ಯಾದೆ ಕಲಿಸಿ’ ಅಂದರು. ಪಪ್ಪ ಎಲ್ಲರೆದುರು ಕೈ ಮುಗಿದರು. ಕೈಯಲ್ಲಿ ಪಲ್ಯದ ಚಮಚ ಇನ್ನೂ ಹಾಗೇ ಇತ್ತು, ಅದರ ಸಮೇತ ಮುಗಿದರು. ಸುಕೇಶನಿಗೆ ಜೀವನ್ ತಳ್ಳಿದ್ದು ಅಷ್ಟು ನೋವಾಗಲಿಲ್ಲ, ಇದು ಆಯಿತು. ಆ ದಿನದಿಂದ ಪಪ್ಪನ ಹತ್ತಿರ ಮಾತಿಲ್ಲ. ಹೋಟೆಲಿಗೆ ಕಾಲಿಡುವುದಿಲ್ಲ. ಸ್ಕೂಲಿನಲ್ಲೂ ಎರಡು ಕಡೆ ಜಗಳ ಮಾಡಿಕೊಂಡು ಬಂದ. ಆಗಲೇ ಚಿಕ್ಕಪ್ಪ ಫೋನಿನಲ್ಲಿ ಹಾಸ್ಟೆಲಿನ ಮಾತು ತೆಗೆದದ್ದು.

ನಿಮಗೆ ಒಂದು ಸತ್ಯ ಹೇಳುತ್ತೇನೆ ಅಜ್ಜಿ. ಆರನೇ ಕ್ಲಾಸಿನಿಂದ ಹಾಸ್ಟೆಲಿನಲ್ಲಿದ್ದು, ಈ ಜುಲೈಯಲ್ಲಿ ಕಾಲೇಜಿಗೆ ಅಂತ ಇಲ್ಲಿಗೆ ಬಂದಾಗ ನನಗೆ ನಮ್ಮ ಮನೆಯೇ ಗೊತ್ತಿರಲಿಲ್ಲ. ಚಮಚ ಯಾವ ಡಬ್ಬಿಯಲ್ಲಿದೆ, ಗೀಸರಿನ ಸ್ವಿಚ್ ಎಲ್ಲಿ, ಏನೂ ಗೊತ್ತಿಲ್ಲ. ಬೆಲ್ ಆಗದಿದ್ದರೂ ಊಟದ ಹೊತ್ತಿಗೆ ತಟ್ಟೆ ಹಿಡಿದು ನಿಂತುಬಿಡುತ್ತಿದ್ದೆ, ಅಮ್ಮ ಅತ್ತುಬಿಟ್ಟರು. ಸುಕೇಶ ನನಗೆ ರಜೆಯ ತಮ್ಮ. ಮೇ ತಿಂಗಳಲ್ಲಿ ಊರಿಗೆ ಬಂದು ಮಾವು ತಿಂದು ಹೋಗುವವನು. ಅವನ ಕನ್ನಡದಲ್ಲಿ ಮುಕ್ಕಾಲು ಹಿಂದಿ, ನನ್ನ ಹಿಂದಿ ಕೇಳಿದರೆ ತರಕಾರಿ ಭಯ್ಯಾನೂ ನಗುತ್ತಾನೆ. ಒಂದೇ ರೂಮಿನಲ್ಲಿ ಮಲಗುತ್ತಿದ್ದೆವು, ಗುಡ್ ನೈಟ್ ಬಿಟ್ಟರೆ ಮಾತಿರಲಿಲ್ಲ.

ಮಾತು ಶುರುವಾದದ್ದು ಒಂದು ಪುಸ್ತಕದಿಂದ. ನಮಗೆ ಫಸ್ಟ್ ಸೆಮಿಸ್ಟರಿನಲ್ಲಿ ಒಂದು ಹಳೆಯ ಇಂಗ್ಲಿಷ್ ಕಾದಂಬರಿ ಇದೆ. ಹೆಸರು ಹೇಳಿದರೆ ನಿಮ್ಮ ನಾಲಗೆಗೆ ಸಿಗುವುದಿಲ್ಲ, ಕಥೆ ಹೇಳುತ್ತೇನೆ. ಧಾರಾವಾಹಿಯ ಹಾಗೆ ಓದಿಕೊಳ್ಳಿ. ಅಲ್ಲಿ ಒಂದು ಸಣ್ಣ ಪೇಟೆ, ನಡುವೆ ರೈಲು ಹಳಿ. ಹಳಿಯ ಈಚೆ ಬಂಗಲೆಯವರು, ಆಚೆ ಮಿಲ್ಲಿನಲ್ಲಿ ಕೆಲಸ ಮಾಡುವವರು. ಎರಡೂ ಕಡೆಯ ಹುಡುಗರಿಗೆ ಹದಿನೈದು ಹದಿನಾರು ವರ್ಷ, ಒಬ್ಬರನ್ನು ಕಂಡರೆ ಒಬ್ಬರಿಗೆ ಆಗುವುದಿಲ್ಲ. ಊರಿಗೆಲ್ಲ ಒಂದೇ ಈಜುಕೊಳ. ಆಚೆ ಕಡೆಯ ಮಕ್ಕಳಿಗೆ ಅದರಲ್ಲಿ ಇಳಿಯಲು ಬಿಡುವುದು ನೀರು ಬದಲಿಸುವ ಹಿಂದಿನ ದಿನ ಮಾತ್ರ. ಕಥೆ ಹೇಳುವವನು ಆಚೆ ಕಡೆಯ ಹುಡುಗ. ಒಂದು ದಿನ ಅವನು ಶುದ್ಧ ನೀರು ತುಂಬಿದ ದಿನವೇ ಹೋಗಿ ಹಾರಿಬಿಡುತ್ತಾನೆ. ಅಷ್ಟೇ ಅಜ್ಜಿ ಅವನ ತಪ್ಪು. ಹೊಡೆದಾಟ ಆಗುತ್ತದೆ, ಬಂಗಲೆಯ ಹುಡುಗನೊಬ್ಬನ ಹಲ್ಲು ಮುರಿಯುತ್ತದೆ. ಕೊನೆಗೆ ಮನೆಯವರೇ ಸೇರಿ ಈ ಹುಡುಗನನ್ನು ದೂರದ ಚಿಕ್ಕಪ್ಪನ ತೋಟಕ್ಕೆ ಕಳಿಸಿಬಿಡುತ್ತಾರೆ. ಹಲ್ಲು ಮುರಿದವನು ಬಸ್ ಸ್ಟ್ಯಾಂಡಿಗೆ ಬಂದು ನಿಲ್ಲುತ್ತಾನೆ, ಏನೋ ಹೇಳಬೇಕು ಅಂತ. ಬಸ್ ಹೊರಟುಬಿಡುತ್ತದೆ. ನಾನು ಆ ಕೊನೆಯ ಪುಟವನ್ನು ಮೆಟ್ರೋದಲ್ಲಿ ಓದಿ, ಎದುರಿನ ಆಂಟಿ ನೀರಿನ ಬಾಟಲಿ ಕೊಡುವಷ್ಟು ಅತ್ತೆ.

ಈಗ ಮಜಾ ಕೇಳಿ. ನಮ್ಮ ದೇವಕಿ ಮ್ಯಾಮ್ ಈ ಕಾದಂಬರಿಯ ಬಗ್ಗೆ ಇಬ್ಬಿಬ್ಬರು ಸೇರಿ ಕ್ಲಾಸಿನಲ್ಲಿ ಮಾತಾಡಬೇಕು ಅಂತ ಜೋಡಿ ಮಾಡಿದರು. ನನಗೆ ಸಿಕ್ಕಿದ್ದು ಅಮೂಲ್ಯ. ಯಾರು ಗೊತ್ತಾ? ಜೀವನ್‌ನ ಅಕ್ಕ. ಸಾರಿನ ಗಲಾಟೆ ಆದ ಮೇಲೆ ನಾವಿಬ್ಬರೂ ಕ್ಲಾಸಿನಲ್ಲಿ ಎರಡು ತುದಿಯಲ್ಲಿ ಕೂರುತ್ತಿದ್ದೆವು. ಮ್ಯಾಮ್ ಹತ್ತಿರ ಪಾರ್ಟ್‌ನರ್ ಬದಲಿಸಿ ಅಂತ ಕೇಳಲು ಹೋಗಿ, ಬಾಗಿಲ ತನಕ ಹೋಗಿ, ವಾಪಸ್ ಬಂದೆ. ಅಮೂಲ್ಯಳೇ ಕ್ಯಾಂಟೀನಿನಲ್ಲಿ ಎದುರು ಬಂದು ಕೂತು, ‘ನಿನ್ನ ತಮ್ಮ ನನ್ನ ತಮ್ಮನ ಮೇಲೆ ಸಾರು ಸುರಿದ’ ಅಂದಳು. ನನಗೆ ಎಲ್ಲಿಂದ ಬಂತೋ ಧೈರ್ಯ, ‘ನಿನ್ನ ತಮ್ಮನಿಗೆ ಸಾಕು ಅನ್ನಲು ಬಾಯಿ ಇರಲಿಲ್ವಾ?’ ಅಂದೆ. ಅವಳು ನನ್ನನ್ನೇ ನೋಡಿದಳು. ಆಮೇಲೆ ‘ಅವನಿಗೆ ಫೋನ್ ಕೈಯಲ್ಲಿದ್ರೆ ಬಾಯಿ ಕಿವಿ ಎರಡೂ ಇರಲ್ಲ’ ಅಂತ ನಕ್ಕಳು. ನಾನು ಕಾದಂಬರಿಯನ್ನು ಫೋನಿನಲ್ಲಿ ಓದಿ ಕಣ್ಣು ನೋಯಿಸಿಕೊಂಡಿದ್ದೆ. ಅವಳ ಹತ್ತಿರ ಅವಳಪ್ಪನ ಕಾಲದ ಪುಸ್ತಕವೇ ಇತ್ತು. ವಾರದ ಅರ್ಧ ಅವಳ ಹತ್ತಿರ, ಅರ್ಧ ನನ್ನ ಹತ್ತಿರ ಅಂತ ಒಪ್ಪಂದವಾಯಿತು.

ಮನೆಯಲ್ಲಿ ನಾನು ಪ್ರಾಕ್ಟೀಸ್‌ಗೆ ಅಂತ ಜೋರಾಗಿ ಓದುತ್ತಿದ್ದೆ. ಸುಕೇಶ ಗೋಡೆ ಕಡೆ ತಿರುಗಿ, ಇಯರ್‌ಫೋನ್ ಹಾಕಿಕೊಂಡು ಮಲಗಿರುತ್ತಿದ್ದ. ಹುಡುಗ ಕೊಳಕ್ಕೆ ಹಾರುವ ಜಾಗ ಬಂತು. ನಾನು ನೀರು ಕುಡಿಯಲು ನಿಲ್ಲಿಸಿದೆ. ಗೋಡೆಯ ಕಡೆಯಿಂದ ‘ಫಿರ್?’ (ಆಮೇಲೆ?) ಅಂತ ಕೇಳಿಸಿತು. ಇಯರ್‌ಫೋನಿನಲ್ಲಿ ಹಾಡೇ ಇರಲಿಲ್ಲ ಅಜ್ಜಿ, ಕಳ್ಳ! ಅಲ್ಲಿಂದ ನಾನು ಓದುವುದು, ಅರ್ಥವಾಗದ ಕಡೆ ಕನ್ನಡದಲ್ಲಿ ಹೇಳುವುದು, ನನ್ನ ಕನ್ನಡ ಅವನಿಗೆ ಅರ್ಥವಾಗದ ಕಡೆ ಇಬ್ಬರೂ ಸೇರಿ ಹಿಂದಿ ಹುಡುಕುವುದು. ‘ಅಕ್ಕಾ, ನೀನು ತುಂಬಾ ಸ್ಲೋ ಯಾರ್’ ಅಂತ ಬೈದು, ಮೂರನೇ ದಿನ ಪುಸ್ತಕ ಕಿತ್ತುಕೊಂಡ. ಪಠ್ಯಪುಸ್ತಕ ಬಿಟ್ಟು ಬೇರೆ ಪುಸ್ತಕ ಮುಟ್ಟದವನು, ಸಾಲಿನ ಕೆಳಗೆ ಬೆರಳಿಟ್ಟುಕೊಂಡು ತುಟಿ ಅಲ್ಲಾಡಿಸುತ್ತಾ ಓದಿದ. ಅಮ್ಮ ಬಾಗಿಲಲ್ಲಿ ನಿಂತು ನೋಡಿ, ಪೂಜೆ ನಡೆಯುತ್ತಿದೆಯೇನೋ ಅನ್ನುವ ಹಾಗೆ ಸದ್ದಿಲ್ಲದೆ ಹೋದರು.

ಪುಸ್ತಕ ರೋಹಿಣಿಗೆ, ಅಮೂಲ್ಯಳ ಮನೆಗೆ ಹೋಗಿ ಬಂದಾಗ ಒಂದು ಪುಟದ ಅಂಚಿನಲ್ಲಿ ಪೆನ್ಸಿಲಿನಲ್ಲಿ ಏನೋ ಬರೆದಿತ್ತು. ಹುಡುಗ ಹೊಡೆದಾಟ ಮಾಡುವ ಕಡೆ, ಇಂಗ್ಲಿಷಿನಲ್ಲಿ, ‘ಸ್ಟುಪಿಡ್. ಸಾರಿ ಅಂತ ಹೇಳಿದ್ದರೆ ಮುಗಿಯುತ್ತಿತ್ತು.’ ಅಮೂಲ್ಯಳ ಅಕ್ಷರ ಅಲ್ಲ. ಅವಳ ತಮ್ಮನೂ ಕದ್ದು ಓದುತ್ತಿದ್ದಾನೆ! ನಾನು ರಬ್ಬರ್ ತರುವಷ್ಟರಲ್ಲಿ ಸುಕೇಶ ಕೆಳಗೆ ಉತ್ತರ ಬರೆದಾಗಿತ್ತು. ಇಂಗ್ಲಿಷ್ ಅಕ್ಷರ, ಹಿಂದಿ ಮಾತು: ‘ತೂ ಬೋಲ್ ಕೇ ದಿಖಾ.’ ನೀನು ಹೇಳಿ ತೋರಿಸು ಅಂತ. ನನಗೆ ಜೀವ ಹೋದ ಹಾಗಾಯಿತು. ಬೇರೆಯವರ ಪುಸ್ತಕ, ಅದೂ ಅವರಪ್ಪನದು, ಮತ್ತೆ ಇನ್ನೊಂದು ಗಲಾಟೆ. ಉಜ್ಜಿದರೆ ಕಾಗದ ಹರಿಯುತ್ತದೆ ಅಂತ ಹೆದರಿ ಹಾಗೇ ಕೊಟ್ಟೆ. ವಾಪಸ್ ಬಂದಾಗ ಅದರ ಕೆಳಗೆ ಇನ್ನೊಂದು ಸಾಲು. ‘ಕನ್ನಡಕ ಒಡೆದವನು ಮೊದಲು ಹೇಳಲಿ.’ ಇವನು: ‘ಚಿಟಿಕೆ ಹೊಡೆದವನು ಮೊದಲು.’ ಹೀಗೆ ಅಧ್ಯಾಯ ಅಧ್ಯಾಯಕ್ಕೂ ಜಗಳ. ಆ ಕಾದಂಬರಿಯ ಹುಡುಗರು ಒಳಗೆ ಕಾದಾಡುತ್ತಿದ್ದರೆ ಇವರಿಬ್ಬರು ಅಂಚಿನಲ್ಲಿ. ಅಮೂಲ್ಯಳೂ ನಾನೂ ಪುಸ್ತಕ ತೆಗೆದು ಮೊದಲು ಅಂಚು ಓದುತ್ತಿದ್ದೆವು, ಆಮೇಲೆ ಕಥೆ.

ಈಜುಕೊಳದ ನೀರು ಬದಲಿಸುವ ಪುಟದಲ್ಲಿ ಸುಕೇಶ ಎರಡೇ ಪದ ಬರೆದಿದ್ದ, ‘ಲಾಸ್ಟ್ ಪಂಕ್ತಿ’. ಅದರ ಕೆಳಗೆ ಜೀವನ್ ಕೇಳಿದ್ದ: ‘ಹಾಗೆಂದರೆ ಏನು?’ ನಾನು ಅದನ್ನು ಎರಡು ಸಲ ಓದಿದೆ ಅಜ್ಜಿ. ಅವನು ಚುಚ್ಚಲು ಕೇಳಿದ್ದಲ್ಲ. ಅವನಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಹುಟ್ಟಿದಾಗಿನಿಂದ ಸಂಘದ ಊಟಕ್ಕೆ ಬರುತ್ತಿರುವ ಹುಡುಗ, ಅವರು ಉಂಡು ಕೈ ತೊಳೆದು ಕಾರು ಹತ್ತುತ್ತಾರೆ. ಆಮೇಲೆ ಇನ್ನೊಂದು ಪಂಕ್ತಿ ಕೂರುತ್ತದೆ, ಅದರಲ್ಲಿ ಹಪ್ಪಳ ಚೂರು, ಪಾಯಸದ ತಳ, ತಣ್ಣಗಾದ ಅನ್ನ ಅಂತ ಅವನು ನೋಡಿಯೇ ಇಲ್ಲ. ಅಮೂಲ್ಯಳನ್ನು ಕೇಳಿದೆ. ಅವಳಿಗೂ ಗೊತ್ತಿರಲಿಲ್ಲ. ಮುಖ ಸಣ್ಣದು ಮಾಡಿಕೊಂಡು, ‘ನೀವು ಮೊದಲೇ ತಿಂದಿರ್ತೀರಿ ಅಂದ್ಕೊಂಡಿದ್ದೆ’ ಅಂದಳು. ಸುಕೇಶ ಪುಸ್ತಕದಲ್ಲಿ ಬರೆದ ಉತ್ತರ: ‘ಆ ಕೇ ದೇಖ್ ಲೇ.’ ಬಂದು ನೋಡು.

ಅವನು ಬಂದ! ಈ ತಿಂಗಳ ಮೊದಲ ಭಾನುವಾರ ನೋಯ್ಡಾದ ಒಂದು ಪಾರ್ಕಿನಲ್ಲಿ ಸಂಘದ ವನಭೋಜನ ಇತ್ತು. ಸುಕೇಶ ಬರುವುದಿಲ್ಲ ಅಂತ ಹಟ ಹಿಡಿದಿದ್ದವನು ಬೆಳಿಗ್ಗೆ ತಾನಾಗಿಯೇ ಶೂ ಹಾಕಿಕೊಂಡ. ಏಪ್ರನ್ ಮಾತ್ರ ಹಾಕಲಿಲ್ಲ, ಪಪ್ಪನೂ ಹಾಕು ಅನ್ನಲಿಲ್ಲ. ಮೊದಲ ಪಂಕ್ತಿಗೆ ಕರೆದಾಗ ಜೀವನ್ ‘ನನಗೆ ಹಸಿವಿಲ್ಲ’ ಅಂದ. ಎರಡನೇದಕ್ಕೂ ಹಸಿವಿಲ್ಲ. ಅವರಜ್ಜಿ ಶಾರದಮ್ಮ ‘ಮಗೂಗೆ ಜ್ವರವೇನೋ’ ಅಂತ ಹಣೆ ಮುಟ್ಟಿ ಮುಟ್ಟಿ ನೋಡಿದರು. ಎಲ್ಲರದ್ದೂ ಆದ ಮೇಲೆ ನಾವು ಹುಲ್ಲಿನ ಮೇಲೆ ಚಾಪೆ ಹಾಸಿ ಕೂತಾಗ ಅವನು ಬಂದು ಸುಕೇಶನ ಎದುರು ಕೂತ. ಕೊನೇ ಪಂಕ್ತಿಯಲ್ಲಿ ಬಡಿಸುವವರು ಇರುವುದಿಲ್ಲವಲ್ಲ, ಬಕೆಟ್ ಕೈಯಿಂದ ಕೈಗೆ ಹೋಗುತ್ತದೆ, ಅವರವರೇ ಹಾಕಿಕೊಳ್ಳುವುದು. ಜೀವನ್‌ನ ಹತ್ತಿರ ಸಾಂಬಾರಿನ ಬಕೆಟ್ ಬಂತು. ಪಾಪ, ಬಕೆಟನ್ನು ಮೊಣಕಾಲಿನ ಮೇಲಿಟ್ಟುಕೊಂಡು ಸೌಟಿನಲ್ಲಿ ತಡಕಾಡಿ, ಅರ್ಧ ತಟ್ಟೆಗೆ, ಅರ್ಧ ಜೀನ್ಸಿಗೆ. ಕಿಶನ್ ಭಯ್ಯಾ ತುಳುವಿನಲ್ಲಿ ಏನೋ ಅಂದ. (ಗಢವಾಲಿನವನು, ನಮ್ಮ ಹೋಟೆಲಿನಲ್ಲಿ ಮೊದಲು ಕಲಿತದ್ದೇ ತುಳುವಿನ ಬೈಗುಳ, ಇಲ್ಲಿ ಬರೆಯುವಂಥದ್ದಲ್ಲ.) ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಸುಕೇಶ ನಗದೆ ಇರಲು ಬಹಳ ಕಷ್ಟಪಟ್ಟ. ಕೊನೆಗೆ ‘ಈ ಸಲ ನಾನಲ್ಲ, ಎಲ್ಲರೂ ನೋಡಿದ್ದೀರಿ’ ಅಂದ. ಜೀವನ್‌ಗೂ ನಗು ಬಂತು. ತಟ್ಟೆ ನೋಡುತ್ತಲೇ, ‘ಆ ದಿನ ನೀನು ಅಂತ ಗೊತ್ತಾಗ್ಲಿಲ್ಲ’ ಅಂದ. ಸುಕೇಶ ‘ಅದೇ ತೋ ಪ್ರಾಬ್ಲಂ’ ಅಂದ. ಅಷ್ಟೇ. ತಬ್ಬಿಕೊಂಡು ಫ್ರೆಂಡ್ಸ್ ಆದರು ಅಂತೆಲ್ಲ ಬರೆಯಲು ನನಗೂ ಆಸೆ, ಆದರೆ ಹಾಗಾಗಲಿಲ್ಲ. ಪಾಯಸ ಮುಗಿಯುತ್ತಾ ಬಂದಿತ್ತು. ಉಳಿದ ಒಂದು ಲೋಟವನ್ನು ಯಾರು ಕುಡಿಯಬೇಕು ಅಂತ ಮತ್ತೆ ಜಗಳವಾಡಿದರು. ಆದರೆ ಅದು ಬೇರೆ ಥರದ ಜಗಳ, ನಿಮಗೆ ಗೊತ್ತಾಗುತ್ತದೆ.

ವೆಂಕಟಸುಬ್ಬಯ್ಯನವರು ದೂರದಿಂದ ನೋಡುತ್ತಿದ್ದರು. ಹೊರಡುವಾಗ ಪಪ್ಪನ ಹತ್ತಿರ ಬಂದು, ‘ಮುಂದಿನ ಸಲ ಎಲ್ಲರನ್ನೂ ಬೆರೆಸಿ ಕೂರಿಸೋಣ ಅಣ್ಣು, ಸರದಿ ಮೇಲೆ ಬಡಿಸೋಣ’ ಅಂದರು. ನಾನೂ ಅಮ್ಮನೂ ಇನ್ನೆಲ್ಲ ಸರಿಹೋಯಿತು ಅಂದುಕೊಂಡೆವು. ಆದರೆ ಮನೆಗೆ ಬಂದ ಮೇಲೆ ಪಪ್ಪ ಹಾಸ್ಟೆಲಿನ ಮಾತು ಬಿಡಲಿಲ್ಲ. ಸಿಟ್ಟಿನಿಂದ ಅಲ್ಲ ಅಜ್ಜಿ, ಅದೇ ಕಷ್ಟ. ಟೀ ಕುಡಿಯುತ್ತಾ ಅಮ್ಮನ ಹತ್ತಿರ, ‘ಪ್ರಫುಲ್ಲಾ, ಅವನು ಇಲ್ಲೇ ಇದ್ರೆ ಕೊನೇವರೆಗೂ ಅವನ ಕೈಯಲ್ಲಿ ಬಕೆಟ್ಟೇ ಉಳೀತದೆ. ನಿರೀಕ್ಷಾಳನ್ನು ದೂರ ಇಟ್ಟದ್ದಕ್ಕೇ ಅವಳು ಕಾಲೇಜು ಕಂಡಳು’ ಅಂದರು. ನಾನು ಒಳಗಿನಿಂದ ಕೇಳಿದೆ. ಪಪ್ಪ ನಮ್ಮ ಒಳ್ಳೆಯದಕ್ಕೇ ದೂರ ಕಳಿಸುವುದು. ಒಳ್ಳೆಯದಕ್ಕೆ ಮಾಡಿದ್ದನ್ನು ಬೇಡ ಅನ್ನುವುದು ಹೇಗೆ ಅಂತ ನನಗೆ ಯಾರೂ ಕಲಿಸಿಲ್ಲ.

ಬುಧವಾರ ನಮ್ಮ ಪ್ರೆಸೆಂಟೇಷನ್ ಆಯಿತು. ಮೊದಲ ಎರಡು ನಿಮಿಷ ನನ್ನ ಕಾಲು ನಡುಗುತ್ತಿತ್ತು, ಅಮೂಲ್ಯ ಟೇಬಲ್ ಕೆಳಗೆ ನನ್ನ ಕಾಲಿನ ಮೇಲೆ ಕಾಲಿಟ್ಟು ನಿಲ್ಲಿಸಿದಳು. ಎಲ್ಲ ಮುಗಿದ ಮೇಲೆ ದೇವಕಿ ಮ್ಯಾಮ್ ಒಂದೇ ಪ್ರಶ್ನೆ ಕೇಳಿದರು, ‘ಹುಡುಗ ಊರು ಬಿಡಬೇಕು ಅಂತ ತೀರ್ಮಾನ ಮಾಡಿದ್ದು ಯಾರು?’ ನಾನು ಪುಟ ತಿರುಗಿಸಿದೆ. ಅಪ್ಪ, ಅಮ್ಮ, ಪಾದ್ರಿ, ಸ್ಕೂಲ್ ಮೇಷ್ಟ್ರು ಎಲ್ಲರೂ ಮಾತಾಡುತ್ತಾರೆ. ಎಲ್ಲರಿಗೂ ಅವನ ಮೇಲೆ ಪ್ರೀತಿಯೇ. ಆದರೆ ಅವನನ್ನು ಯಾರೂ ಒಂದು ಮಾತು ಕೇಳುವುದಿಲ್ಲ. ಇಡೀ ಪುಸ್ತಕದಲ್ಲಿ ಎಲ್ಲೂ ಇಲ್ಲ. ನಾನು ಪುಸ್ತಕವನ್ನು ಅಮೂಲ್ಯಳ ಕಡೆ ಸರಿಸಿದೆ, ಉತ್ತರವನ್ನು ಅಮೂಲ್ಯಳೇ ಹೇಳಿದಳು. ಮ್ಯಾಮ್ ಗುಡ್ ಅಂದರು. ಆ ಸಂಜೆ ಮನೆಗೆ ಬಂದು ಸುಕೇಶನನ್ನು ನಾನೇ ಕೇಳಿದೆ, ನಿನಗೆ ಹೋಗಬೇಕು ಅಂತ ಇದೆಯಾ ಅಂತ. ಶೂ ಲೇಸ್ ಬಿಚ್ಚುತ್ತಾ ಕೂತಿದ್ದ. ‘ಪಪ್ಪ ಕಳಿಸಿದ್ರೆ ಹೋಗ್ತೀನಿ, ಇಲ್ಲ ಅನ್ನಲ್ಲ. ಪಪ್ಪ ಕೇಳಿದ್ರೆ ಹೇಳ್ತೀನಿ. ಕೇಳಲಿ ತೋ ಸಹೀ’ ಅಂದ, ಮೊದಲು ಕೇಳಲಿ ಅಂತ. ಅವನು ಏನು ಹೇಳುತ್ತಾನೆ ಅಂತ ನನಗೂ ಖಚಿತ ಇಲ್ಲ ಅಜ್ಜಿ. ಹೋಗುತ್ತೇನೆ ಅಂತಲೇ ಹೇಳಿದರೂ ಹೇಳಬಹುದು, ಅವನಿಗೆ ಊರಿನ ಸಮುದ್ರ ಇಷ್ಟ. ಹಾಗೆ ಹೇಳಿದರೆ ನಾನೇ ಅವನ ಟ್ರಂಕ್ ತುಂಬಿಸಿ ಕೊಡುತ್ತೇನೆ, ಯಾವ ಬೀಗ ತುಕ್ಕು ಹಿಡಿಯುವುದಿಲ್ಲ ಅಂತ ನನಗೆ ಗೊತ್ತು. ಆದರೆ ಇಲ್ಲೇ ಇರುತ್ತೇನೆ ಅನ್ನಲಿ ಅಂತ ದಿನಾ ಬೇಡಿಕೊಳ್ಳುತ್ತಿದ್ದೇನೆ. ನಾವು ನಾಲ್ಕು ಜನ ಒಂದೇ ಮನೆಯಲ್ಲಿ ಇರುವುದು ಈ ವರ್ಷ ಶುರುವಾಗಿದೆ ಅಷ್ಟೇ. ನಿನ್ನೆ ಅಮ್ಮ ರಾತ್ರಿ ಊಟಕ್ಕೆ ನಾಲ್ಕು ತಟ್ಟೆ ತೆಗೆದು, ಒಂದು ನಿಮಿಷ ಸುಮ್ಮನೆ ಅವನ್ನೇ ನೋಡಿದರು. ಸುಕೇಶನೂ ಪಪ್ಪನೂ ಇನ್ನೂ ನೇರ ಮಾತಾಡುತ್ತಿಲ್ಲ. ಆದರೆ ಉಪ್ಪು ಬೇಕಾದಾಗ ಈಗ ನನ್ನ ಮೂಲಕ ಕೇಳುವುದಿಲ್ಲ, ಕೈ ಚಾಚುತ್ತಾನೆ, ಪಪ್ಪ ಸರಿಸುತ್ತಾರೆ.

ಬಹಳ ಉದ್ದವಾಯಿತು, ನಿಮ್ಮ ಕಣ್ಣಿಗೆ ತೊಂದರೆ ಕೊಟ್ಟೆ. ನಿಧಾನವಾಗಿ, ಎರಡು ದಿನ ಮಾಡಿ ಓದಿ. ಚಿಕ್ಕಮ್ಮನಿಗೆ, ಮಕ್ಕಳಿಗೆ, ಚಿಕ್ಕಪ್ಪನಿಗೂ ನನ್ನ ನೆನಪು ಹೇಳಿ. (ಕಾಗದದಲ್ಲಿ ಏನಿದೆ ಅಂತ ಕೇಳಿದರೆ ಕಾದಂಬರಿಯ ಕಥೆ ಅಂತ ಹೇಳಿ, ಸುಳ್ಳಲ್ಲ.) ನಿಮ್ಮ ಕಾಲಿಗೆ ಬಿದ್ದು ಆಶೀರ್ವಾದ ಕೇಳುತ್ತೇನೆ, ನನಗೂ, ಅದಕ್ಕಿಂತ ಮೊದಲು ಅವನ ಟೆಂತ್ ಪರೀಕ್ಷೆಗೂ.

ನಿಮ್ಮ ಮೊಮ್ಮಗಳು,
ನಿರೀಕ್ಷಾ

ವಿ.ಸೂ.: ಪಪ್ಪ ಈ ತಿಂಗಳ ಕೊನೇ ಭಾನುವಾರ ಫೋನ್ ಮಾಡುತ್ತಾರೆ, ಟಿಫಿನ್ ರಶ್ ಮುಗಿದ ಮೇಲೆ. ‘ಅಮ್ಮಾ, ಏನು ಮಾಡಲಿ?’ ಅಂತ ಕೇಳುತ್ತಾರೆ. ನನ್ನನ್ನು ಕಳಿಸುವಾಗಲೂ ಹೀಗೇ ಕೇಳಿದ್ದರಂತೆ, ನೀವು ‘ನಿನಗೆ ಸರಿ ಕಂಡದ್ದು ಮಾಡು’ ಅಂದಿರಂತೆ. ನಾನು ಆಗ ಪಕ್ಕದ ರೂಮಿನಲ್ಲೇ ಇದ್ದೆ, ಯಾರಾದರೂ ಕರೆಯುತ್ತಾರೆ ಅಂತ ಕಾಯುತ್ತಿದ್ದೆ. ನಿಮ್ಮ ಮೇಲೆ ಬೇಜಾರಿಲ್ಲ, ಆಣೆ. ಈ ಸಲ ಮಾತ್ರ ಹಾಗೆ ಹೇಳಬೇಡಿ. ‘ಅಣ್ಣು, ಹುಡುಗನನ್ನು ಕೇಳಿದೆಯಾ?’ ಅಷ್ಟು ಕೇಳಿ ಸಾಕು. ಕೇಳುತ್ತೀರಾ ಇಲ್ಲವಾ ಅಂತ ಎರಡು ಸಾಲು ಬರೆದು, ಇದು ತಲುಪಿದ ದಿನವೇ ಪೋಸ್ಟ್ ಮಾಡಿ. ದಯವಿಟ್ಟು ಬೇಗ ಉತ್ತರ ಬರೆಯಿರಿ ಅಜ್ಜಿ.